ಹೆಸರಿಲ್ಲದ ಸಂಖ್ಯೆ

ಸಂತೆಗೆ ಹೋದವನೊಬ್ಬನು ಅಂಗಡಿಯ ಮುಂದೆ ನಿಂತು “ಅಕ್ಕಿ ಐದು ಕೊಡಿ” ಎಂದರೆ ಅಂಗಡಿಯವನು ತಕ್ಕಡಿಯನ್ನು ಮುಟ್ಟುವುದಿಲ್ಲ. “ಐದು ಏನು ಸ್ವಾಮಿ? ಕಿಲೊವೋ, ಮೂಟೆಯೋ?” ಎಂದು ಕೇಳುತ್ತಾನೆ. ಐದು ಎಂಬ ಸಂಖ್ಯೆ ಆಗ ಅವನ ಪಾಲಿಗೆ ಅರ್ಧ ಮಾತು ಮಾತ್ರ. ಉಳಿದರ್ಧ ಬರುವವರೆಗೆ ವ್ಯಾಪಾರ ಮುಂದಕ್ಕೆ ಸಾಗದು. ಬಟ್ಟೆಯಂಗಡಿಯಲ್ಲಿ ಮೀಟರು, ಹಾಲಿನ ಕೇಂದ್ರದಲ್ಲಿ ಲೀಟರು, ಹೊಲದ ಮಾತಿನಲ್ಲಿ ಎಕರೆ, ಗುಂಟೆ ಎಂದು ಹೇಳಲು ಓದುಬರಹ ಬಾರದವರೂ ಮರೆಯುವುದಿಲ್ಲ. ಅಳತೆಯ ಹೆಸರಿಲ್ಲದ ಸಂಖ್ಯೆಗೆ ಲೋಕವ್ಯವಹಾರದಲ್ಲಿ ಬೆಲೆಯಿಲ್ಲ. ಆದರೆ ಸಂತೆಯಲ್ಲಿ ಸಲ್ಲದ ಈ ಸಂಖ್ಯೆ ಶಾಲೆಯ ಉತ್ತರ ಪತ್ರಿಕೆಯಲ್ಲಿ ಮಾತ್ರ ನಿರ್ಭಯವಾಗಿ ಓಡಾಡುತ್ತಿರುವುದು ಆಶ್ಚರ್ಯದ ಸಂಗತಿ.

ಭೌತಶಾಸ್ತ್ರದ ಪರೀಕ್ಷೆಯಲ್ಲಿ ಇಂಥದೊಂದು ಪ್ರಶ್ನೆ ಬರುವುದುಂಟು: “180 ಮೀಟರು ಉದ್ದದ ರೈಲುಗಾಡಿಯೊಂದು ಗಂಟೆಗೆ 54 ಕಿಲೊಮೀಟರು ಜವದಲ್ಲಿ ಓಡುತ್ತಿದೆ. ಹಳಿಯ ಪಕ್ಕದ ಕಂಬವೊಂದನ್ನು ಅದು ಎಷ್ಟು ಹೊತ್ತಿನಲ್ಲಿ ದಾಟುತ್ತದೆ?” ದಿನಬಳಕೆಯ ಮಾತಿನಲ್ಲಿ ವೇಗ ಎನ್ನುವುದನ್ನೇ ವಿಜ್ಞಾನದ ಪುಸ್ತಕ ಇಲ್ಲಿ ಜವ ಎಂದು ಕರೆಯುತ್ತದೆ; ಕ್ರಮಿಸಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಬರುವುದು ಜವ. ಆದ್ದರಿಂದ ದೂರವನ್ನು ಜವದಿಂದ ಭಾಗಿಸಿದರೆ ಕಾಲ ದೊರೆಯಬೇಕು. ಇಷ್ಟನ್ನು ಬಲ್ಲ ವಿದ್ಯಾರ್ಥಿ 180ನ್ನು 54ರಿಂದ ಭಾಗಿಸಿ, 3.33 ಸೆಕೆಂಡು ಎಂದು ಬರೆದು, ಅಡಿಯಲ್ಲಿ ಗೆರೆ ಎಳೆಯುತ್ತಾನೆ. ಅವನ ಸೂತ್ರ ಸರಿ, ಭಾಗಾಕಾರವೂ ಸರಿ. ಉತ್ತರ ಮಾತ್ರ ತಪ್ಪು. ಏಕೆಂದರೆ 180ರ ಹಿಂದೆ ಇದ್ದದ್ದು ಮೀಟರು. 54ರ ಹಿಂದೆ ಇದ್ದದ್ದು ಕಿಲೊಮೀಟರು ಮತ್ತು ಗಂಟೆ. ಹೆಸರುಗಳನ್ನು ಕಳಚಿಟ್ಟು ಬರಿಯ ಸಂಖ್ಯೆಗಳನ್ನು ಮಾತ್ರ ಲೆಕ್ಕದೊಳಕ್ಕೆ ಬಿಟ್ಟುಕೊಂಡದ್ದರಿಂದ ಈ ಅನರ್ಥ ಒದಗಿತು. ಗಂಟೆಗೆ 54 ಕಿಲೊಮೀಟರೆಂದರೆ ಸೆಕೆಂಡಿಗೆ 15 ಮೀಟರು. ಆದುದರಿಂದ ರೈಲು ಕಂಬವನ್ನು ದಾಟಲು 12 ಸೆಕೆಂಡು ಬೇಕು.

ಈ ತಪ್ಪಿಗೆ ಮದ್ದೆಂದು ಸಾಮಾನ್ಯವಾಗಿ ಹೇಳಿಕೊಡುವುದು ಒಂದು ಸಣ್ಣ ಸೂತ್ರವನ್ನು: ಗಂಟೆಗೆ ಇಷ್ಟು ಕಿಲೊಮೀಟರು ಎಂಬುದನ್ನು ಸೆಕೆಂಡಿಗೆ ಇಷ್ಟು ಮೀಟರು ಎಂದು ಮಾಡಬೇಕಾದರೆ 5/18ರಿಂದ ಗುಣಿಸು, ಹಿಂದಕ್ಕೆ ಹೋಗಬೇಕಾದರೆ 18/5ರಿಂದ ಗುಣಿಸು. ಸೂತ್ರ ನಿಜವೇ. ಆದರೆ ಅದನ್ನು ಗಿಣಿಪಾಠ ಮಾಡಿದವರಿಗೆ ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಸಂದೇಹ ತಪ್ಪದೆ ಹುಟ್ಟುತ್ತದೆ: ಮೇಲಿರಬೇಕಾದದ್ದು ಐದೋ, ಹದಿನೆಂಟೋ? ಅರ್ಥವಿಲ್ಲದೆ ಕಲಿತದ್ದನ್ನು ಮರೆತರೆ ಮತ್ತೆ ಹುಡುಕಿಕೊಳ್ಳಲು ದಾರಿಯಿರುವುದಿಲ್ಲ. ಅರ್ಥವರಿತು ಕಲಿತದ್ದನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ಕಟ್ಟಿಕೊಳ್ಳುವ ಕ್ರಮ ಕಷ್ಟದ್ದೇನಲ್ಲ. ಒಂದು ಕಿಲೊಮೀಟರಿಗೆ 1000 ಮೀಟರು. ಒಂದು ಗಂಟೆಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡು. ಅಂದರೆ ಗಂಟೆಗೆ 3600 ಸೆಕೆಂಡು. ಗಂಟೆಗೆ ಒಂದು ಕಿಲೊಮೀಟರು ನಡೆಯುವವನು 3600 ಸೆಕೆಂಡುಗಳಲ್ಲಿ 1000 ಮೀಟರು ನಡೆದಂತಾಯಿತು. ಹಾಗಾದರೆ ಒಂದು ಸೆಕೆಂಡಿನಲ್ಲಿ ಅವನು ನಡೆದದ್ದು 1000/3600 ಮೀಟರು. ಅಂಶ, ಛೇದಗಳೆರಡನ್ನೂ 200ರಿಂದ ಭಾಗಿಸಿದರೆ ಉಳಿಯುವುದು 5/18. ಸೂತ್ರದ ಒಳಗಿರುವುದು ಇಷ್ಟೇ. ಗಂಟೆಯಲ್ಲಿ ಸಾಗುವ ದೂರಕ್ಕಿಂತ ಸೆಕೆಂಡಿನಲ್ಲಿ ಸಾಗುವ ದೂರ ಬಹಳ ಕಡಿಮೆ. ಅದನ್ನು ಕಿಲೊಮೀಟರಿನ ಬದಲು ಮೀಟರುಗಳಲ್ಲಿ ಎಣಿಸಿದಾಗ ಸಂಖ್ಯೆ ಕೊಂಚ ಮೇಲೇಳುತ್ತದೆ. ಆದರೂ ಒಟ್ಟಿನಲ್ಲಿ ಅದು ಇಳಿಯಲೇಬೇಕು. ಸೆಕೆಂಡಿಗೆ ಒಂದು ಮೀಟರೆಂದರೆ ಗಂಟೆಗೆ 3.6 ಕಿಲೊಮೀಟರು. ದೊಡ್ಡ ಅಳತೆಯಿಂದ ಅಳೆದರೆ ಸಂಖ್ಯೆ ಚಿಕ್ಕದಾಗುವುದು ಸಹಜ. ನೂರು ಪೈಸೆ ಒಂದು ರೂಪಾಯಿಯಾಗುವಂತೆಯೇ ಇದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡವನು 5/18ನ್ನು ತಲೆಕೆಳಗು ಮಾಡಲಾರನು. ಅಕಸ್ಮಾತ್ತಾಗಿ ಮಾಡಿದರೂ, 54 ಎಂಬುದು 194 ಆಗಿ ನಿಂತಾಗ, ಸೆಕೆಂಡಿಗೆ 194 ಮೀಟರು ಓಡುವ ರೈಲುಗಾಡಿ ಎಲ್ಲಿಯಾದರೂ ಉಂಟೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಅದು ಗಂಟೆಗೆ ಸುಮಾರು 700 ಕಿಲೊಮೀಟರಿನ ಓಟ!

ಇಲ್ಲಿ ಇನ್ನೊಂದು ಪ್ರಶ್ನೆ ಏಳಬಹುದು. ಕಿಲೊಗ್ರಾಮನ್ನು ಗ್ರಾಮಿಗೆ, ಮೀಟರನ್ನು ಸೆಂಟಿಮೀಟರಿಗೆ ಬದಲಾಯಿಸುವಾಗ ದಶಮಾಂಶ ಬಿಂದುವನ್ನು ಅತ್ತಿತ್ತ ಸರಿಸಿದರೆ ಸಾಕು. ಜವದ ಲೆಕ್ಕದಲ್ಲಿ ಮಾತ್ರ ಐದು, ಹದಿನೆಂಟುಗಳ ತೊಡಕೇಕೆ? ತೊಡಕು ದೂರದ್ದಲ್ಲ, ಕಾಲದ್ದು. ಫ್ರಾನ್ಸ್ ದೇಶದ ಮಹಾಕ್ರಾಂತಿಯ ಕಾಲದಲ್ಲಿ ಉದ್ದ, ತೂಕಗಳ ಅಳತೆಯನ್ನೆಲ್ಲ ಹತ್ತರ ಲೆಕ್ಕಕ್ಕೆ ತಂದವರು 1793ರಲ್ಲಿ ಕಾಲವನ್ನೂ ಹಾಗೆಯೇ ಮಾಡಹೊರಟರು. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡು ಎಂದು ವಿಧಿಸಿದರು. ಜನಕ್ಕೆ ಅದು ಒಗ್ಗಲಿಲ್ಲ. 1795ರಲ್ಲಿ ಆ ನಿಯಮವನ್ನು ಕೈಬಿಡಬೇಕಾಯಿತು. ಮೀಟರು ಲೋಕವನ್ನು ಗೆದ್ದಿತು. ಹತ್ತರ ಗಡಿಯಾರ ಸೋತಿತು. ಬ್ಯಾಬಿಲೋನಿಯದ ಪ್ರಾಚೀನರು ಬಳಸುತ್ತಿದ್ದ ಅರವತ್ತರ ಎಣಿಕೆಯೇ ಗಂಟೆ, ನಿಮಿಷಗಳಲ್ಲಿ ಇಂದಿಗೂ ಉಳಿದಿದೆ. ಭಾರತದ ಹಳೆಯ ಕಾಲಗಣನೆಯಲ್ಲಿಯೂ ಒಂದು ದಿನಕ್ಕೆ 60 ಘಳಿಗೆಗಳು. ಒಂದು ಘಳಿಗೆಯೆಂದರೆ 24 ನಿಮಿಷ. ಹತ್ತರಲ್ಲಿ ಎಣಿಸಿದ ದೂರವನ್ನು ಅರವತ್ತರಲ್ಲಿ ಎಣಿಸಿದ ಕಾಲದಿಂದ ಭಾಗಿಸುವುದರಿಂದ ಜವದ ಲೆಕ್ಕ ಸ್ವಲ್ಪ ಒರಟಾಗಿಯೇ ಇರುತ್ತದೆ.

ಅಳತೆಗಳು ಮನುಷ್ಯನ ಕಸುಬಿನಿಂದ ಹುಟ್ಟಿದವು ಎಂಬುದಕ್ಕೆ ಹಡಗಿನ ಜವದ ಅಳತೆಯೇ ಸಾಕ್ಷಿ. ಹಿಂದಿನ ನಾವಿಕರು ಒಂದು ಮರದ ಹಲಗೆಗೆ ಹಗ್ಗ ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ ಸಮ ಅಂತರಗಳಲ್ಲಿ ಗಂಟುಗಳಿರುತ್ತಿದ್ದವು. ಮರಳಿನ ಗಡಿಯಾರದಲ್ಲಿ ಸುಮಾರು ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಕೈಯಿಂದ ಎಷ್ಟು ಗಂಟುಗಳು ಜಾರಿ ಹೋದವೋ ಅಷ್ಟೇ ಹಡಗಿನ ಜವ. ಗಂಟು ಎಂಬರ್ಥದ ನಾಟ್ ಎಂಬ ಹೆಸರು ಅಂದಿನಿಂದ ಉಳಿದುಬಂದಿದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೊಮೀಟರು. ಹಡಗುಗಳ, ವಿಮಾನಗಳ ಜವವನ್ನೂ ಬಿರುಗಾಳಿಯ ಜವವನ್ನೂ ಇಂದಿಗೂ ಈ ಅಳತೆಯಲ್ಲಿ ಹೇಳುತ್ತಾರೆ. 50 ನಾಟ್ ಜವದ ಗಾಳಿ ಬೀಸಲಿದೆ ಎಂಬ ಸುದ್ದಿಯನ್ನು ಗಂಟೆಗೆ 50 ಕಿಲೊಮೀಟರು ಎಂದು ತಿಳಿದವನು ಗಂಟೆಗೆ ಸುಮಾರು 93 ಕಿಲೊಮೀಟರಿನ ಗಾಳಿಯ ಎದುರು ಅಸಡ್ಡೆಯಿಂದ ನಿಂತಂತಾಗುತ್ತದೆ.

ಭಾರತದಲ್ಲಿಯೂ ಒಂದು ಕಾಲದಲ್ಲಿ ಅಳತೆಗಳ ಗೊಂದಲ ಸಾಮಾನ್ಯವಾಗಿತ್ತು. ಸೇರು, ಮಣ, ಮೊಳ, ಹರದಾರಿ ಮುಂತಾದವು ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದವು. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಮೈಲಿ ಹೋಗಿ ಕಿಲೊಮೀಟರು, ಸೇರು ಹೋಗಿ ಕಿಲೊಗ್ರಾಮು ಬಂದವು. ದೇಶಕ್ಕೆಲ್ಲ ಒಂದೇ ಅಳತೆಯಿದ್ದರೆ ವ್ಯಾಪಾರಕ್ಕೂ ವಿಜ್ಞಾನಕ್ಕೂ ಅನುಕೂಲ ಎಂಬುದೇ ಈ ಬದಲಾವಣೆಯ ಉದ್ದೇಶವಾಗಿತ್ತು. ಆದರೆ ಕಾಯಿದೆ ಅಳತೆಯನ್ನು ಕೊಡಬಲ್ಲುದು. ಅಳತೆಯ ಹೆಸರನ್ನು ಮರೆಯದಿರುವ ಎಚ್ಚರವನ್ನು ಕೊಡಲಾರದು.

ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ತೋರಿಸುವ ಎರಡು ಘಟನೆಗಳಿವೆ. ಅವು ಜವದ ಏಕಮಾನಕ್ಕೆ ಸಂಬಂಧಿಸಿದವಲ್ಲ. ಒಂದರಲ್ಲಿ ತೂಕ, ಇನ್ನೊಂದರಲ್ಲಿ ನೂಕುಬಲ. ಆದರೆ ತಪ್ಪಿನ ಬೇರು ಒಂದೇ. ಕೆನಡಾ ದೇಶವು ಹಳೆಯ ಅಳತೆಗಳಿಂದ ಮೆಟ್ರಿಕ್ ಅಳತೆಗೆ ಬದಲಾಗುತ್ತಿದ್ದ ಕಾಲ. 1983ರ ಜುಲೈ 23ರಂದು ಅಲ್ಲಿನ ಪ್ರಯಾಣಿಕರ ವಿಮಾನವೊಂದಕ್ಕೆ 22,300 ಕಿಲೊಗ್ರಾಮು ಇಂಧನ ಬೇಕಾಗಿತ್ತು. ಟ್ಯಾಂಕಿನಲ್ಲಿದ್ದ ಇಂಧನವನ್ನು ಲೀಟರಿನಲ್ಲಿ ಅಳೆದು ತೂಕಕ್ಕೆ ಪರಿವರ್ತಿಸುವಾಗ ಲೀಟರಿಗೆ ಸುಮಾರು 0.8 ಕಿಲೊಗ್ರಾಮು ಎಂದು ಗುಣಿಸಬೇಕಾಗಿತ್ತು. ಹಿಂದಿನ ಅಭ್ಯಾಸದಂತೆ 1.77ರಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬ ಸಂಖ್ಯೆ. ಹೀಗಾಗಿ ಬೇಕಾದುದರ ಅರ್ಧಕ್ಕಿಂತಲೂ ಕಡಿಮೆ ಇಂಧನದೊಡನೆ ವಿಮಾನ ಮೇಲೇರಿತು. 41,000 ಅಡಿಗಳ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿದು ಎಂಜಿನುಗಳೆರಡೂ ನಿಂತುಹೋದವು. ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿದ್ದ ಚಾಲಕನು ವಿಮಾನವನ್ನು ಹದ್ದಿನಂತೆ ತೇಲಿಸಿಕೊಂಡು ಬಂದು, ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದನು. ವಿಮಾನದಲ್ಲಿದ್ದ 69 ಮಂದಿಯೂ ಬದುಕಿ ಉಳಿದರು. ಗುಣಾಕಾರ ಮಾಡಿದವರಿಗೆ ಗುಣಾಕಾರ ತಪ್ಪಿರಲಿಲ್ಲ, 1.77 ಎಂಬುದು ಯಾವುದರ 1.77 ಎಂದು ಯಾರೂ ಕೇಳಿರಲಿಲ್ಲ.

ಎರಡನೆಯದು ಆಕಾಶದಲ್ಲಿ ನಡೆದದ್ದು. ಮಂಗಳ ಗ್ರಹದ ಹವೆಯನ್ನು ಅರಿಯಲು ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಒಂದು ನೌಕೆಯನ್ನು ಕಳುಹಿಸಿತು. ದಾರಿಯಲ್ಲಿ ಅದರ ಸಣ್ಣ ರಾಕೆಟ್ಟುಗಳು ಆಗಾಗ ಉರಿದು ನೌಕೆಯನ್ನು ನೂಕುತ್ತಿದ್ದವು. ಆ ನೂಕಿನ ಪರಿಮಾಣವನ್ನು ಒಂದು ಗುಂಪಿನವರು ಪೌಂಡಿನ ಲೆಕ್ಕದಲ್ಲಿ ಬರೆದರು. ಅದನ್ನು ಬಳಸಿ ದಾರಿ ಗುಣಿಸುತ್ತಿದ್ದ ಮತ್ತೊಂದು ಗುಂಪಿನವರು ನ್ಯೂಟನ್ನಿನ ಲೆಕ್ಕವೆಂದು ಓದಿದರು. ಎರಡಕ್ಕೂ ಇರುವ ಅಂತರ ಸುಮಾರು 4.45ರಷ್ಟು. ತಿಂಗಳುಗಟ್ಟಲೆ ಕೂಡುತ್ತ ಬಂದ ಈ ತಪ್ಪಿನಿಂದ ನೌಕೆ ಉದ್ದೇಶಿಸಿದ್ದಕ್ಕಿಂತ ಬಹಳ ಕೆಳಗೆ, ಮಂಗಳದ ನೆಲದಿಂದ ಸುಮಾರು 57 ಕಿಲೊಮೀಟರು ಎತ್ತರದ ದಾರಿ ಹಿಡಿದು, 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಕೋಟ್ಯಂತರ ಕಿಲೊಮೀಟರುಗಳ ಪಯಣವನ್ನು ಕೆಡಿಸಿದ್ದು ಕಠಿಣವಾದ ಗಣಿತವಲ್ಲ. ಕೇಳದೆ ಬಿಟ್ಟ ಒಂದು ಪ್ರಶ್ನೆ.

ಇವೆಲ್ಲ ದೊಡ್ಡವರ, ದೂರದವರ ಸಂಗತಿಗಳೆಂದು ವಿದ್ಯಾರ್ಥಿಗೆ ತೋರಬಹುದು. ಆದರೆ ಜವದ ಪರಿವರ್ತನೆ ಅವನ ಶಾಲೆಯ ದಾರಿಯಲ್ಲಿಯೇ ಕಾದು ನಿಂತಿದೆ. ಹೆದ್ದಾರಿಯ ಪಕ್ಕದ ಊರಿನ ಬಾಲಕಿಯೊಬ್ಬಳು ರಸ್ತೆಯನ್ನು ದಾಟಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ರಸ್ತೆಯ ಅಗಲ 7 ಮೀಟರು. ಗಂಟೆಗೆ 5 ಕಿಲೊಮೀಟರಿನ ಸಾಧಾರಣ ನಡಿಗೆಯೆಂದರೆ ಸೆಕೆಂಡಿಗೆ ಸುಮಾರು 1.4 ಮೀಟರು, ದಾಟಲು 5 ಸೆಕೆಂಡು ಬೇಕು. ದೂರದಲ್ಲಿ ಲಾರಿಯೊಂದು ಗಂಟೆಗೆ 72 ಕಿಲೊಮೀಟರು ಜವದಲ್ಲಿ ಬರುತ್ತಿದೆ. ಈ 72 ಎಂಬ ಸಂಖ್ಯೆ ಅವಳಿಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ರಸ್ತೆ ದಾಟಲು ಯಾರಿಗೂ ಒಂದು ಗಂಟೆ ಹಿಡಿಯುವುದಿಲ್ಲವಲ್ಲ! ಅದನ್ನೇ ಸೆಕೆಂಡಿಗೆ 20 ಮೀಟರು ಎಂದು ಬದಲಾಯಿಸಿದ ಕೂಡಲೆ ಸಂಖ್ಯೆ ಮಾತನಾಡತೊಡಗುತ್ತದೆ. ಅವಳು ದಾಟುವ 5 ಸೆಕೆಂಡಿನಲ್ಲಿ ಲಾರಿ 100 ಮೀಟರು ಬಂದಿರುತ್ತದೆ. ನೂರು ಮೀಟರಿಗಿಂತ ಹತ್ತಿರದಲ್ಲಿ ಅದು ಕಂಡರೆ ನಿಲ್ಲುವುದೇ ವಿವೇಕ.

ಚಾಲಕನ ಕಡೆಯಿಂದಲೂ ಇದನ್ನು ನೋಡಬೇಕು. ಅಪಾಯವನ್ನು ಕಂಡು ಅವನ ಕಾಲು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಹಿಡಿಯಿತೆಂದರೆ ಅಷ್ಟರಲ್ಲಿಯೇ ಲಾರಿ 20 ಮೀಟರು ಮುಂದೆ ಬಂದಿರುತ್ತದೆ. ಬ್ರೇಕು ಹಿಡಿದ ಮೇಲೆ ಅದರ ಜವ ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 5 ಮೀಟರಿನಷ್ಟು ಕುಗ್ಗುತ್ತ ಹೋದರೆ, ನಿಲ್ಲುವ ಮುನ್ನ ಮತ್ತೆ 40 ಮೀಟರು ಸಾಗುತ್ತದೆ. ಒಟ್ಟು 60 ಮೀಟರು. ಅದೇ ಲಾರಿ ಗಂಟೆಗೆ 36 ಕಿಲೊಮೀಟರಿನಂತೆ, ಎಂದರೆ ಸೆಕೆಂಡಿಗೆ 10 ಮೀಟರಿನಂತೆ ಬರುತ್ತಿದ್ದರೆ ಮೊದಲ ಸೆಕೆಂಡಿನಲ್ಲಿ 10 ಮೀಟರು, ಬ್ರೇಕು ಹಿಡಿದ ಮೇಲೆ 10 ಮೀಟರು, ಒಟ್ಟು 20 ಮೀಟರಿನಲ್ಲಿ ನಿಲ್ಲುತ್ತದೆ. ಜವ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ಇಲ್ಲಿ ಮೂರರಷ್ಟಾಯಿತು. ಶಾಲೆಗಳ ಬಳಿ ನಿಧಾನವಾಗಿ ಚಲಿಸಿ ಎಂದು ಫಲಕ ಹಾಕುವುದು ಈ ಲೆಕ್ಕದ ಬಲದಿಂದಲೇ.

ಇದೇ ಲೆಕ್ಕದಲ್ಲಿ ಏಕಮಾನವನ್ನು ಮರೆತರೆ ತಪ್ಪು ಎಷ್ಟು ಬೆಳೆಯುತ್ತದೆ ಎಂಬುದನ್ನೂ ಗಮನಿಸಬೇಕು. ಬ್ರೇಕು ಹಿಡಿದ ಮೇಲೆ ಸಾಗುವ ದೂರವನ್ನು ಕಾಣಲು ಜವದ ವರ್ಗವನ್ನು ತೆಗೆದುಕೊಳ್ಳಬೇಕಾಗುತ್ತದೆ. 20ರ ಬದಲು 72ನ್ನೇ ಇಟ್ಟವನಿಗೆ ದೊರೆಯುವ ಉತ್ತರ 518 ಮೀಟರು. ನಿಜವಾದ ಉತ್ತರ 40 ಮೀಟರು. ರೈಲಿನ ಪ್ರಶ್ನೆಯಲ್ಲಿ 3.6ರಷ್ಟಿದ್ದ ತಪ್ಪು ಇಲ್ಲಿ ಅದರ ವರ್ಗದಷ್ಟು, ಎಂದರೆ ಹೆಚ್ಚುಕಡಮೆ 13ರಷ್ಟು ಆಯಿತು. ಲೆಕ್ಕದ ಮೊದಲ ಸಾಲಿನಲ್ಲಿ ನುಸುಳಿದ ತಪ್ಪು ಕೊನೆಯ ಸಾಲಿಗೆ ಬರುವಾಗ ಬೆಟ್ಟವಾಗಿ ನಿಲ್ಲುತ್ತದೆ.

“ಪರೀಕ್ಷೆಯಲ್ಲಿ ಸಮಯ ಕಡಿಮೆ. ಪ್ರತಿ ಸಾಲಿನಲ್ಲಿಯೂ ಏಕಮಾನ ಬರೆಯುತ್ತ ಕುಳಿತರೆ ಉಳಿದ ಪ್ರಶ್ನೆಗಳ ಗತಿಯೇನು? 5/18 ಎಂಬುದನ್ನು ನೆನಪಿಟ್ಟರೆ ಸಾಲದೆ?” ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಮಗ್ಗಿಯನ್ನು ನೆನಪಿಡುವುದು ತಪ್ಪಲ್ಲವಾದರೆ 5/18ನ್ನು ನೆನಪಿಡುವುದೂ ತಪ್ಪಲ್ಲ. ಆದರೆ ಮಗ್ಗಿಯನ್ನು ಕಲಿತ ಮಗು ಮೊದಲು ಹುಣಿಸೆಬೀಜಗಳನ್ನು ಸಾಲಾಗಿ ಜೋಡಿಸಿ ಎಣಿಸಿ ನೋಡಿರುತ್ತದೆ. ನೆನಪು ತಿಳಿವಳಿಕೆಯ ಹಿಂದೆ ಬರಬೇಕು. ಅದರ ಸ್ಥಾನದಲ್ಲಿ ಕುಳಿತುಕೊಳ್ಳಬಾರದು. 5/18 ಒಂದೇ ಒಂದು ಬೀಗದ ಕೀಲಿ. ನಾಟ್ ಬಂದರೆ, ನಿಮಿಷಕ್ಕೆ ಇಷ್ಟು ಮೀಟರು ಎಂದು ಬಂದರೆ, ಸೆಕೆಂಡಿಗೆ ಇಷ್ಟು ಸೆಂಟಿಮೀಟರು ಎಂದು ಬಂದರೆ ಆ ಕೀಲಿ ಉಪಯೋಗಕ್ಕೆ ಬಾರದು. ದೂರವನ್ನು ಬೇರೆ, ಕಾಲವನ್ನು ಬೇರೆ ಬದಲಾಯಿಸಿ ಆಮೇಲೆ ಭಾಗಿಸಬೇಕೆಂಬ ಕ್ರಮ ತಿಳಿದವನಿಗೆ ಎಲ್ಲ ಬೀಗಗಳೂ ತೆರೆಯುತ್ತವೆ. ಏಕಮಾನ ಬರೆಯಲು ಹಿಡಿಯುವ ಸಮಯವೂ ಹೆಚ್ಚಲ್ಲ. ತಪ್ಪಿದ ಲೆಕ್ಕವನ್ನು ಹೊಡೆದುಹಾಕಿ ಮತ್ತೆ ಮಾಡಲು ಹಿಡಿಯುವ ಸಮಯವೇ ಹೆಚ್ಚು.

ಆದುದರಿಂದ ವಿದ್ಯಾರ್ಥಿ ಮೂರು ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಲೆಕ್ಕವನ್ನು ತೊಡಗುವ ಮೊದಲೇ ಎಲ್ಲ ಪರಿಮಾಣಗಳೂ ಒಂದೇ ಕುಲದ ಏಕಮಾನಗಳಲ್ಲಿವೆಯೇ ಎಂದು ನೋಡುವುದು ಮೊದಲನೆಯದು. ಪ್ರತಿ ಸಾಲಿನಲ್ಲಿಯೂ ಸಂಖ್ಯೆಯೊಡನೆ ಏಕಮಾನವನ್ನು ಬರೆದುಕೊಂಡು ಹೋಗುವುದು ಎರಡನೆಯದು. ಬಂದ ಉತ್ತರ ಲೋಕಾನುಭವಕ್ಕೆ ಹೊಂದುತ್ತದೆಯೇ ಎಂದು ಕೊನೆಯಲ್ಲಿ ಪರಿಶೀಲಿಸುವುದು ಮೂರನೆಯದು. ಈ ಮೂರನೆಯದಕ್ಕೆ ಕೆಲವು ಪರಿಚಿತ ಜವಗಳು ನೆನಪಿನಲ್ಲಿದ್ದರೆ ಸಾಕು: ನಡಿಗೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರು, ಗಂಟೆಗೆ 36 ಕಿಲೊಮೀಟರಿನ ಬಸ್ಸು ಸೆಕೆಂಡಿಗೆ 10 ಮೀಟರು, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು. 2009ರಲ್ಲಿ ಬರ್ಲಿನ್ ನಗರದಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ ಅವನ ಸರಾಸರಿ ಜವ ಸೆಕೆಂಡಿಗೆ 10.44 ಮೀಟರು, ಅಂದರೆ ಗಂಟೆಗೆ ಸುಮಾರು 37.6 ಕಿಲೊಮೀಟರು. ಓಡುವ ಮನುಷ್ಯನ ಜವ ಸೆಕೆಂಡಿಗೆ 30 ಮೀಟರೆಂದು ಯಾರಿಗಾದರೂ ಉತ್ತರ ಬಂದರೆ, ಆ ಓಟಗಾರ ಬೋಲ್ಟನನ್ನು ಬಹು ದೂರ ಹಿಂದೆ ಹಾಕಿದ್ದಾನೆ ಎಂಬುದನ್ನು ಗಮನಿಸಿ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು.

ಕಲಿಸುವವರ ಹೊಣೆಯೂ ಇದರಲ್ಲಿದೆ. ಏಕಮಾನವಿಲ್ಲದ ಉತ್ತರಕ್ಕೆ ಅರ್ಧ ಅಂಕ ಕಳೆಯುವುದು ಸುಲಭ. ಅದು ಏಕೆ ಅರ್ಧ ಉತ್ತರ ಎಂಬುದನ್ನು ತಿಳಿಸುವುದು ಅದಕ್ಕಿಂತ ಮುಖ್ಯ. ಶಾಲೆಯ ಮುಂದಿನ ರಸ್ತೆಯಲ್ಲಿ ನೂರು ಮೀಟರು ಅಳೆದು, ಸೈಕಲ್ಲು ಅದನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ಎಂದು ಸುರಕ್ಷಿತ ದೂರದಲ್ಲಿ ನಿಂತು ಗಡಿಯಾರ ಹಿಡಿದು ನೋಡಿದ ವಿದ್ಯಾರ್ಥಿಗೆ ಸೆಕೆಂಡಿಗೆ 5 ಮೀಟರು, ಗಂಟೆಗೆ 18 ಕಿಲೊಮೀಟರು ಎಂಬ ಎರಡು ಮಾತುಗಳೂ ಒಂದೇ ಸೈಕಲ್ಲಿನ ಎರಡು ಹೆಸರುಗಳಾಗಿ ಕಾಣುತ್ತವೆ. ಆಮೇಲೆ 5/18 ಎಂಬುದು ಅವನಿಗೆ ಮರೆಯಬೇಕೆಂದರೂ ಮರೆಯದು.

ಸಂತೆಯ ಅಂಗಡಿಯವನು ಕೇಳಿದ ಪ್ರಶ್ನೆ ಚಿಕ್ಕದು: “ಐದು ಏನು?” ಅದನ್ನು ಕೇಳಲು ಪದವಿ ಬೇಕಾಗಿಲ್ಲ, ಕೇಳದೆ ಬಿಟ್ಟರೆ ಎಷ್ಟು ದೊಡ್ಡ ಪದವಿಯೂ ಕಾಪಾಡುವುದಿಲ್ಲ. ಸಂಖ್ಯೆಯೊಂದನ್ನು ಕಂಡಾಗಲೆಲ್ಲ ಇದು ಯಾವುದರ ಎಷ್ಟು ಎಂದು ಕೇಳುವ ಅಭ್ಯಾಸ ಬೆಳೆದರೆ, ಭೌತಶಾಸ್ತ್ರದ ಲೆಕ್ಕದಲ್ಲಿ ಅಂಕಗಳು ಉಳಿಯುತ್ತವೆ. ಹೆದ್ದಾರಿಯ ಅಂಚಿನಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಉಳಿಯುತ್ತದೆ.